ಹಿಂಬಾಗಿಲಿನಿಂದ ಬರುತ್ತಿದ್ದ ಸಾಹೇಬರು

ವೇದಿಕೆಯ ಮೇಲೆ ಅಪ್ಪನ ಫೋಟೋವನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಬದುಕಿದ್ದಾಗ ನಗರಸಭೆಯ ಆ ಸಭಾಂಗಣದಲ್ಲಿ ಅಪ್ಪನಿಗೆ ಕುರ್ಚಿ ಸಿಕ್ಕಿದ್ದನ್ನು ನಾನು ನೋಡಿಲ್ಲ. ಯಾವಾಗಲೂ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಫೋಟೋದ ಹಿಂದೆ ಒಂದು ಬ್ಯಾನರು: 'ದಕ್ಷ ಜನಸೇವಕ, ಮಮತೆಯ ತಂದೆ'. ಅದರ ಕೆಳಗೆ, ಅಪ್ಪನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ಪ್ರಾಯೋಜಕರ ಹೆಸರು. ಪ್ರಾಯೋಜಕರು ಅಂದರೆ ಮಾರುಕಟ್ಟೆ ಬೀದಿಯ ಹೋಟೆಲ್ ಯಜಮಾನರು. ಸಭೆ ಮುಗಿದ ಮೇಲಿನ ಊಟವೂ ಅವರದೇ. ಸತ್ತವರ ಬೆನ್ನ ಮೇಲೂ ಜಾಹೀರಾತು ಅಂಟಿಸುವ ಜನ! ನೋಡಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು.

ನಾನು ಆ ಶ್ರದ್ಧಾಂಜಲಿ ಸಭೆಗೆ ಹೋದದ್ದು ಒಂದೇ ಒಂದು ಮಾತು ಹೇಳುವುದಕ್ಕೆ. 'ನಮ್ಮಪ್ಪ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಂಡವರಲ್ಲ.' ಇಷ್ಟೇ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದೆ. ಇದಕ್ಕೆ ಕಾರಣ ಅಪ್ಪ ತೀರಿಕೊಂಡ ದಿನ ಮನೆಗೆ ಬಂದಿದ್ದ ಮೀನು ಮಾರುವ ಹೆಂಗಸು. ನನ್ನ ಕೈ ಹಿಡಿದುಕೊಂಡು, ನಿಜವಾದ ಕಣ್ಣೀರು ಸುರಿಸುತ್ತ ಆಕೆ ಹೇಳಿದ್ದಳು: "ತಗೊಳ್ಳೋರು ಬೇಕಾದಷ್ಟು ಜನ ಇದಾರಮ್ಮ. ನಿಮ್ಮಪ್ಪನ ಹಾಗೆ ಮರ್ಯಾದೆಯಿಂದ ತಗೊಳ್ಳೋರು ಇನ್ನು ಹುಟ್ಟಬೇಕು."

ಅಳು ಅಲ್ಲೇ ನಿಂತುಹೋಯಿತು. ಯಾರಿಗೆ ಬಂತು ಈ ಮಾತು? ನಮ್ಮಪ್ಪನಿಗೆ! ಹೊಸ ವರ್ಷಕ್ಕೆಂದು ಬೇಕರಿಯವನು ಬಾಗಿಲ ಬಳಿ ಇಟ್ಟುಹೋದ ಕೇಕನ್ನು ನನ್ನ ಕಣ್ಣೆದುರೇ, ನಾನು ಕಾಲು ಬಡಿದು ಅಳುತ್ತಿದ್ದರೂ, ಹಾಗೇ ವಾಪಸು ಹೊತ್ತುಕೊಂಡು ಹೋಗಿ ಅವನ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬಂದ ಮನುಷ್ಯನಿಗೆ.

ಅಪ್ಪ ನಗರಸಭೆಯ ಆರೋಗ್ಯ ಇನ್ಸ್‌ಪೆಕ್ಟರು. ಊರಿನ ಹೋಟೆಲು, ಬೇಕರಿ, ಮಾಂಸದಂಗಡಿ, ಮೀನುಕಟ್ಟೆ ಇವೆಲ್ಲದರ ಅಡುಗೆಮನೆ, ಉಗ್ರಾಣ, ಚರಂಡಿ ನೋಡುವುದು ಅವರ ಕೆಲಸ. ಮಾರುಕಟ್ಟೆಯವರು ಅವರಿಗೆ 'ಮೂಗು' ಎಂದು ಹೆಸರಿಟ್ಟಿದ್ದರು. ಅಪ್ಪನಿಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಅವರು ಯಾವ ಹೋಟೆಲಿಗೂ ಮುಂಬಾಗಿಲಿನಿಂದ ಕಾಲಿಟ್ಟವರಲ್ಲ. ಸಂದಿಗೊಂದಿ ಸುತ್ತಿ, ಹಿಂಬಾಗಿಲು ತಳ್ಳಿ, ನೇರ ಅಡುಗೆಯವರ ಬೆನ್ನ ಹಿಂದೆ ಹೋಗಿ ನಿಲ್ಲುವರು. ನಿಂತು ಮೊದಲು ಮಾಡುವ ಕೆಲಸವೆಂದರೆ, ಕಟ್ಟೆಯ ಮೇಲಿನ ಒರೆಸುವ ಬಟ್ಟೆಯನ್ನು ಎತ್ತಿ ಮೂಸಿ ನೋಡುವುದು. ಅನ್ನ, ಸಾರು, ಮಾಂಸ ಎಲ್ಲ ಆಮೇಲೆ.

"ನೆಲ ಅರ್ಧ ಗಂಟೇಲಿ ತೊಳೀಬಹುದು ಪುಟ್ಟಿ, ಪಾತ್ರೆ ಉಜ್ಜಬಹುದು," ಎನ್ನುತ್ತಿದ್ದರು. "ಒರೆಸೋ ಬಟ್ಟೆ ಮಾತ್ರ ಸುಳ್ಳು ಹೇಳಲ್ಲ. ಆ ಅಡುಗೆಮನೆಯ ಪೂರ್ತಿ ಜಾತಕ ಅದರಲ್ಲಿರುತ್ತೆ."

ಜೊತೆಯಲ್ಲಿ ಯಾವಾಗಲೂ ಒಬ್ಬ ಜವಾನ. ಸ್ಯಾಂಪಲ್ ಬಾಟಲಿ, ಫಿನಾಯಿಲ್ ಡಬ್ಬ, ಬೀಗಮುದ್ರೆಯ ಅರಗು ತುಂಬಿದ ದೊಡ್ಡ ಚೀಲ ಅವನ ಹೆಗಲಿಗೆ ಹುಟ್ಟಿನಿಂದಲೇ ಅಂಟಿಕೊಂಡಿದೆಯೇನೋ ಎನ್ನುವಂತೆ ಇರುತ್ತಿತ್ತು. ನಾನು ಅವನನ್ನು ಚೀಲದ ಮಾಮ ಎಂದೇ ಕರೆಯುತ್ತಿದ್ದೆ. ಶಾಲೆಗೆ ಬಿಡುವುದು, ಸೈಕಲ್ ಕಲಿಸುವುದು, ಅಮ್ಮನ ಔಷಧಿ ತರುವುದು, ಎಲ್ಲಕ್ಕೂ ಚೀಲದ ಮಾಮನೇ.

ಸಂಜೆ ಮನೆಗೆ ಬಂದ ಅಪ್ಪನ ಮುಖ ನೋಡಬೇಕಿತ್ತು. ಶೂ ಬಿಚ್ಚುತ್ತಲೇ ಶುರು. "ಇವತ್ತು ಮೂರು ಹೋಟೆಲ್ ನೋಡಿದೆ. ಒಂದರಲ್ಲೂ ಒಂದು ಜಿರಲೆ ಇಲ್ಲ ಕಣೇ. ನಾನು ಈ ಊರಿಗೆ ಬಂದಾಗ ಹೇಗಿತ್ತು, ಈಗ ನೋಡು, ಕನ್ನಡಿ! ಭಯ ಇದೆ ಜನಕ್ಕೆ." ಅಮ್ಮ ಹೂಂಗುಟ್ಟುತ್ತ ತಟ್ಟೆ ಹಾಕುವಳು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಊರಿಗೆ ಊರೇ ನಮ್ಮಪ್ಪನ ಮೂಗಿಗೆ ಹೆದರಿ ನಡುಗುತ್ತಿದೆ ಎಂಬುದು ಎಂಥ ಸಂತೋಷದ ವಿಷಯ!

ಒಂಬತ್ತನೆಯ ತರಗತಿಯಲ್ಲಿ ನಾನು ಶಾಲೆಗೇ ಮೊದಲು ಬಂದೆ. ಆ ದಿನ ಅಪ್ಪ ಹೊಸ ಶರ್ಟು ಹಾಕಿಕೊಂಡು, ಜೀವಮಾನದಲ್ಲಿ ಮೊದಲ ಸಲ ಮುಂಬಾಗಿಲಿನಿಂದ, ನಮ್ಮನ್ನು ಮಾರುಕಟ್ಟೆ ಬೀದಿಯ ಹೋಟೆಲಿಗೆ ಕರೆದುಕೊಂಡು ಹೋದರು. "ಊರಲ್ಲೇ ಚೊಕ್ಕ ಅಡುಗೆಮನೆ ಇದು. ನನ್ನ ಮಗಳಿಗೆ ಇಲ್ಲೇ ಊಟ ಆಗಬೇಕು," ಎಂದರು. ಯಜಮಾನರು ಓಡಿಬಂದು ಕುರ್ಚಿ ಎಳೆದರು. ಅಪ್ಪ ಬಿಲ್ಲಿನ ಪೂರ್ತಿ ಹಣ ಕೊಟ್ಟರು, ಅವರು ಬೇಡವೆಂದು ಹಲ್ಲು ಗಿಂಜಿದರೂ ಬಿಡಲಿಲ್ಲ.

ಕೆಲವು ವಾರಗಳಲ್ಲಿ ನನ್ನ ಕಣ್ಣು ಹಳದಿಯಾಯಿತು. ಕಾಮಾಲೆ. ತಿಂದದ್ದು ನಿಲ್ಲದು, ನೀರು ಕುಡಿದರೂ ವಾಂತಿ. ಆಗ ಅಪ್ಪ ನನ್ನನ್ನು ನೋಡಿಕೊಂಡ ರೀತಿಯನ್ನು ನಾನಿನ್ನೂ ಮರೆತಿಲ್ಲ. ರಜೆ ಹಾಕಿ ಹಾಸಿಗೆಯ ಪಕ್ಕದಲ್ಲೇ ಕೂತರು. ವಾಂತಿಯ ಬೋಗುಣಿಯನ್ನು ಅಮ್ಮನಿಗೂ ಮುಟ್ಟಗೊಡದೆ ತಾವೇ ತೊಳೆದರು. ಚಮಚದಲ್ಲಿ ಗಂಜಿ ಕುಡಿಸಿದರು. ನಾನು ಎದ್ದು ಓಡಾಡುವಂತಾದ ಮೇಲೆ ಅವರೇ ಬೇರೆ ಮನುಷ್ಯರಾಗಿದ್ದರು. ಸಂಜೆಯ ಜಂಬದ ಮಾತುಗಳು ನಿಂತವು. ಹೊರಗಿನ ಒಂದು ಅಗುಳನ್ನೂ ನಾನು ಮುಟ್ಟಕೂಡದೆಂದು ಕಟ್ಟಪ್ಪಣೆಯಾಯಿತು. ಬೆಳಿಗ್ಗೆ ಅಮ್ಮನ ಪಕ್ಕ ನಿಂತು ನನ್ನ ಡಬ್ಬಿಯನ್ನು ತಾವೇ ತುಂಬುತ್ತಿದ್ದರು. ಮಗಳ ಕಾಯಿಲೆ ಪಾಪ, ಮನುಷ್ಯನನ್ನು ಹೆದರಿಸಿಬಿಟ್ಟಿದೆ ಎಂದುಕೊಂಡೆ.

ನನ್ನ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು, ನಾವೆಲ್ಲ ಅವಳನ್ನು 'ಎರಡು ಜಡೆ' ಎನ್ನುತ್ತಿದ್ದೆವು. ತಾಯಿ ಇಲ್ಲ, ಅಪ್ಪ ದೂರದ ಬಸ್ಸಿನ ಡ್ರೈವರು. ಅವಳ ಊಟವೆಲ್ಲ ಅದೇ ಮಾರುಕಟ್ಟೆ ಬೀದಿಯ ಹೋಟೆಲಿನಲ್ಲಿ. ಇದನ್ನು ಒಂದು ದಿನ ಮನೆಯಲ್ಲಿ ಹೇಳಿದಾಗ ಅಪ್ಪ ಚಮಚ ಹಿಡಿದುಕೊಂಡೇ ಸುಮ್ಮನೆ ನಿಂತರು. ಮಾರನೆಯ ದಿನದಿಂದ ನನ್ನ ಡಬ್ಬಿ ದೊಡ್ಡದಾಯಿತು. "ಪಕ್ಕದಲ್ಲಿ ಕೂರೋಳಿಗೂ ಆಗ್ಲಿ," ಎಂದರು. ಎಂಥ ದೊಡ್ಡ ಮನಸ್ಸು ನಮ್ಮಪ್ಪನದು ಎಂದು ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ನನ್ನ ಡಬ್ಬಿಯಿಂದ ಅವಳಿಗೆ ಮಧ್ಯಾಹ್ನದ ಊಟವಾಯಿತು, ರಾತ್ರಿಯ ಊಟಕ್ಕೆ ಅವಳು ಹೋಟೆಲಿಗೇ ಹೋಗಬೇಕಿತ್ತು. ಕೊನೆಯ ವರ್ಷದ ಪರೀಕ್ಷೆಗೆ ಸ್ವಲ್ಪ ಮುಂಚೆ ಅವಳ ಕಣ್ಣೂ ಹಳದಿಯಾಯಿತು. ಅವಳ ಹಾಸಿಗೆಯ ಪಕ್ಕ ರಜೆ ಹಾಕಿ ಕೂರುವವರು ಯಾರೂ ಇರಲಿಲ್ಲ. ಪರೀಕ್ಷೆಯ ದಿನ ಬೆಂಚಿನಲ್ಲಿ ನಾನೊಬ್ಬಳೇ ಕೂತು ಬರೆದೆ. ಅವಳ ಮಣ್ಣಿಗೆ ಅಪ್ಪ ಹೂವು ತೆಗೆದುಕೊಂಡು ಹೋಗಿದ್ದರು, ಡ್ರೈವರನ ಬೆನ್ನು ಸವರಿ ಸಮಾಧಾನ ಹೇಳಿದ್ದರು.

ಸಭಾಂಗಣದಲ್ಲಿ ಈಗ ಭಾಷಣಗಳು ನಡೆಯುತ್ತಿದ್ದವು. ನಗರಸಭೆಯ ದೊಡ್ಡ ಸಾಹೇಬರು ಅಪ್ಪನ ಹೆಸರನ್ನು ಎರಡು ಸಲ ತಪ್ಪು ಹೇಳಿ, ಮೂರನೆಯ ಸಲ 'ಅಗಲಿದ ಚೇತನ' ಎಂದು ಪಾರಾದರು. ಬೇಕರಿಯವನು ಗದ್ಗದಿತನಾದ. ಆಮೇಲೆ ಹೋಟೆಲ್ ಯಜಮಾನರು ಮೈಕಿಗೆ ಬಂದರು. ಹೊಟ್ಟೆ ಮುಂದೆ, ಅವರು ಹಿಂದೆ.

"ಸಾಹೇಬ್ರು ಅಂದ್ರೆ ಸಾಹೇಬ್ರು," ಎಂದರು. "ಕಾನೂನು ಕಾನೂನು ಅಂತ ಬಡವರ ಹೊಟ್ಟೆ ಮೇಲೆ ಹೊಡೆದೋರಲ್ಲ. ಅವರಿದ್ದಷ್ಟು ಕಾಲ ನಮಗೊಂದು ದಿನ ತೊಂದ್ರೆ ಆಗ್ಲಿಲ್ಲ. ಎಲ್ಲಾನೂ ಮೊದಲೇ ತಿಳಿಸಿ, ಮನುಷ್ಯರ ಥರ ನಡ್ಕೊಂಡ್ರು."

ಸಭೆಯಲ್ಲಿ ಸಣ್ಣಗೆ ನಗು ಹರಿದಾಡಿತು, ತುಂಬ ಆತ್ಮೀಯವಾದ ನಗು. ಮೊದಲೇ ತಿಳಿಸಿ? ಹಿಂಬಾಗಿಲಿನಿಂದ ಬರುವವರು ಯಾರಿಗೆ ಏನು ತಿಳಿಸುತ್ತಾರೆ? ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಕೈ ಮುಗಿಯುತ್ತಿದ್ದಳು. ನೀರು ಕುಡಿದು ಬರೋಣವೆಂದು ಎದ್ದೆ.

ಸಭಾಂಗಣದ ಹಿಂದಿನ ವರಾಂಡದಲ್ಲಿ ಹೋಟೆಲಿನ ಹುಡುಗರು ಊಟ ಅಣಿ ಮಾಡುತ್ತಿದ್ದರು. ತಟ್ಟೆಗಳ ಮೇಲೆ ತಟ್ಟೆ, ಬಕೆಟ್ಟಿನಲ್ಲಿ ಕೆಂಪಗಿನ ಸಾರು, ಮುಚ್ಚದ ಮಾಂಸದ ಪಾತ್ರೆಯ ಮೇಲೆ ನೊಣ. ಒಬ್ಬ ಒದ್ದೆ ಬಟ್ಟೆಯಿಂದ ಮೇಜು ಒರೆಸಿ, ಅದರಲ್ಲೇ ತಟ್ಟೆ ಒರೆಸಿ, ಅದರಲ್ಲೇ ಕುತ್ತಿಗೆಯ ಬೆವರನ್ನೂ ಒರೆಸಿಕೊಂಡು ಮೇಜಿನ ತುದಿಗೆ ಎಸೆದ. ಏಕೆ ಎತ್ತಿಕೊಂಡೆನೋ, ಎತ್ತಿಕೊಂಡೆ. ಮೂಗಿನ ಹತ್ತಿರ ತಂದೆ. ಕೊಳೆತ ಮೀನು, ಹುಳಿತ ಹಾಲು, ಹಳಸಿದ ಎಣ್ಣೆ, ಮೋರಿ, ಎಲ್ಲ ಒಟ್ಟಿಗೆ ಗಂಟಲಿಗೇ ಇಳಿದವು. ಕಂಬ ಹಿಡಿದುಕೊಂಡು ಓಕರಿಸಿದೆ.

"ಅಯ್ಯಯ್ಯೋ, ಅದನ್ನ್ಯಾಕೆ ಮುಟ್ಟೋಕೆ ಹೋದೆ ಪುಟ್ಟಿ!" ಬೆನ್ನ ಹಿಂದೆ ಚೀಲದ ಮಾಮ ನಿಂತಿದ್ದ. ಚೀಲವಿಲ್ಲ, ನಿವೃತ್ತನಾಗಿದ್ದಾನೆ; ಹೆಗಲು ಮಾತ್ರ ಇನ್ನೂ ಒಂದು ಕಡೆ ವಾಲಿಕೊಂಡೇ ಇದೆ. "ಇವತ್ತು ಬಟ್ಟೆ ಬದಲಾಯ್ಸಿಲ್ಲ ಅವರು. ಇವತ್ತೇನು ತಪಾಸಣೆ ಅಲ್ವಲ್ಲ."

ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದ. ಹೇಳಿದ್ದು ಏನೆಂದು ಅವನಿಗೆ ತಿಳಿಯುವ ಮೊದಲೇ ನನಗೆ ತಿಳಿಯಿತು.

"ತಪಾಸಣೆ ಇದ್ದಾಗ ಬದಲಾಯ್ಸ್ತಿದ್ರಾ? ತಪಾಸಣೆ ಇದೆ ಅಂತ ಅವರಿಗೆ ಹೇಗೆ ಗೊತ್ತಾಗ್ತಿತ್ತು ಮಾಮ?"

ಅವನು ಕತ್ತು ಕೆರೆದುಕೊಂಡ. ಆಕಡೆ ಈಕಡೆ ನೋಡಿದ. ಆಮೇಲೆ, ಇನ್ನೇನು ಸಾಹೇಬರೇ ಹೋಗಿಯಾಯಿತಲ್ಲ ಎನ್ನುವಂತೆ, ಕಂಬಕ್ಕೆ ಒರಗಿ ಕೂತ.

"ಹೇಳ್ತಿದ್ದೆ. ನಾಳೆ ಎಲ್ಲಿಗೆ ಹೋಗ್ತೀವಿ ಅಂತ ಹಿಂದಿನ ಸಂಜೇನೇ ಹೇಳ್ಬಿಡ್ತಿದ್ದೆ. ಅವರು ಕವರ್ ಕೊಡೋರು. ಸಾಹೇಬ್ರಿಗೆ ಅಂತಾನೇ ಕೊಡೋರು, ನಾನೇ ಇಟ್ಕೋತಿದ್ದೆ. ಒರೆಸೋ ಬಟ್ಟೆ ನಾನೇ ತಗೊಂಡೋಗ್ತಿದ್ದೆ, ನಮ್ಮ ಚೀಲದಲ್ಲೇ. ತೀರಾ ಹೊಸದು ಅಂತ ಗೊತ್ತಾಗ್ಬಾರ್ದು ನೋಡು, ಮನೇಲಿ ಒಂದ್ಸಲ ಕುದಿಸಿ ತರ್ತಿದ್ದೆ." ಕೊನೆಯ ಮಾತು ಹೇಳುವಾಗ ಅವನ ದನಿಯಲ್ಲಿ ಕಸುಬುದಾರನ ಹೆಮ್ಮೆ ಇತ್ತು. ಅಪ್ಪನ ಸ್ಯಾಂಪಲ್ ಬಾಟಲಿಗಳ ಪಕ್ಕದಲ್ಲೇ, ಅಪ್ಪನ ಕಣ್ಣಿಗೆ ಎರಚುವ ಮಣ್ಣನ್ನು ಮಡಚಿ ಇಟ್ಟುಕೊಂಡು ಅಪ್ಪನ ಹಿಂದೆಯೇ ನಡೆಯುತ್ತಿದ್ದ ಪ್ರಾಣಿ! ನನಗೆ ಸೈಕಲ್ ಕಲಿಸಿದ ಕೈ ಇದೇ ಎಂದು ನೆನೆದು ಮೈ ಪರಚಿಕೊಳ್ಳುವಂತಾಯಿತು.

"ಥೂ," ಎಂದೆ. "ನಮ್ಮಪ್ಪನ ಅನ್ನ ಉಂಡು ನಮ್ಮಪ್ಪನ ಹೆಸರು ಮಾರಿದ್ಯಲ್ಲ!"

"ಬೈ, ಬೈಕೋ. ಆದ್ರೆ ಒಂದು ತಿಳ್ಕೋ. ಕವರ್ ಮುಟ್ಟದೇ ಇರೋ ಸಾಹೇಬ್ರನ್ನ ಇವರು ಒಂದು ವರ್ಷ ಈ ಊರಲ್ಲಿ ಇಟ್ಕೋತಿರ್ಲಿಲ್ಲ. ಹಿಂದಿನ ಸಾಹೇಬ್ರನ್ನ ಹೇಗೆ ವರ್ಗ ಮಾಡ್ಸಿದ್ರು ಕೇಳು. ನಿಮ್ಮಪ್ಪ ತಗೋತಾರೆ ಅಂತ ಇವರೆಲ್ಲ ನಂಬಿದ್ದಕ್ಕೇ ನೀವು ಒಂದೇ ಮನೇಲಿ ಇದ್ರಿ, ನೀನು ಒಂದೇ ಸ್ಕೂಲಲ್ಲಿ ಓದ್ದೆ."

ಇದನ್ನು ಕೇಳಿ ನನಗೆ ನಗು ಬಂತೆಂದರೆ ನಂಬಬೇಕು. ಅಸಹ್ಯದ ತುತ್ತತುದಿಯಲ್ಲಿ ಅಂಥದೊಂದು ನಗು ಇರುತ್ತದೆ. ಆದರೂ ಒಂದು ಸಮಾಧಾನ ಉಳಿದಿತ್ತು. ನಾನು ಹೇಳಲು ಬಂದ ಮಾತು ಇನ್ನೂ ನಿಜವೇ. ಅಪ್ಪ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಂಡಿಲ್ಲ. ಅಪ್ಪ ಮೋಸಹೋದವರು, ಅಷ್ಟೇ. ಅದನ್ನು ಗಟ್ಟಿ ಮಾಡಿಕೊಳ್ಳಲೆಂದೇ ಕೇಳಿದೆ:

"ಅಪ್ಪನಿಗೆ ಇದು ಕೊನೆಯವರೆಗೂ ಗೊತ್ತಾಗಲೇ ಇಲ್ಲ, ಅಲ್ವಾ?"

ಚೀಲದ ಮಾಮ ನನ್ನ ಮುಖ ನೋಡಲಿಲ್ಲ.

"ನಿನಗೆ ಕಾಮಾಲೆ ಆಯ್ತಲ್ಲ, ಆವಾಗ. ನನಗೂ ಹೇಳದೆ ಒಬ್ರೇ ಹೋಗ್ಬಿಟ್ರು, ಇದೇ ಹೋಟೆಲ್ ಹಿಂದಕ್ಕೆ. ನೋಡ್ಬಾರದ್ದನ್ನೆಲ್ಲ ನೋಡಿದ್ರು. ನೇರ ನನ್ನ ಮನೆಗೆ ಬಂದು ಕಪಾಳಕ್ಕೆ ಬಿಟ್ರು. ಬಿಟ್ಟು, ನಮ್ಮ ಮೆಟ್ಟಿಲ ಮೇಲೇ ಕೂತು ಅತ್ರು. ಹೋಟೆಲ್‌ಗೆ ಸೀಲ್ ಹಾಕ್ತೀನಿ, ನಿನ್ನ ಜೈಲಿಗೆ ಕಳಿಸ್ತೀನಿ ಅಂದ್ರು. ಕಳ್ಸಿ ಸಾರ್, ಅಂದೆ. ಆದ್ರೆ ಕವರೆಲ್ಲ ನಿಮ್ಮ ಹೆಸರಲ್ಲೇ ಬಂದಿರೋದು. ನೀವು ಮುಟ್ಟಿಲ್ಲ ಅಂದ್ರೆ ಯಾರು ನಂಬ್ತಾರೆ? ವಿಚಾರಣೆ ಮುಗಿಯೋವರೆಗೆ ಸಸ್ಪೆಂಡು, ಕ್ವಾರ್ಟರ್ಸ್ ಖಾಲಿ. ಪುಟ್ಟಿಗೆ ಮುಂದಿನ ವರ್ಷ ಕೊನೇ ಪರೀಕ್ಷೆ ಅಲ್ವಾ, ಅಂದೆ."

"ಅದಕ್ಕೆ ಅಪ್ಪ?"

"ಕಣ್ಣೊರೆಸ್ಕೊಂಡು ಎದ್ರು. ಆಮೇಲೆ, ಅವಳ ಪರೀಕ್ಷೆ ಮುಗೀಲಿ, ಅಂದ್ರು. ಮುಗೀತು. ಆಮೇಲೆ ನಿನ್ನ ಕಾಲೇಜು ಬಂತು, ಹಾಸ್ಟೆಲ್ ಬಂತು, ಮದುವೆ ಬಂತು. ಅವತ್ತಿಂದ ನಾನು ಹೇಳೋ ಕೆಲಸಾನೇ ಇರ್ಲಿಲ್ಲ. ನಾಳೆ ಎಲ್ಲಿಗೆ ಅಂತ ಸಂಜೆ ಅವರೇ ಜೋರಾಗಿ ಹೇಳ್ಬಿಟ್ಟು ಮನೆಗೆ ಹೋಗ್ತಿದ್ರು. ಮೂಸೋದು ಮಾತ್ರ ಬಿಡ್ಲಿಲ್ಲ. ನಾನೇ ಕುದಿಸಿ ತಂದ ಬಟ್ಟೇನ ಮೂಸಿ, ಸರಿಯಾಗಿದೆ ಅಂತಿದ್ರು."

ನಾನು ವರಾಂಡದ ನೆಲದ ಮೇಲೇ ಕುಳಿತುಬಿಟ್ಟೆ. ನನ್ನ ಡಬ್ಬಿಗೆ ಪಲ್ಯ ತುಂಬುತ್ತಿದ್ದ ಆ ಕೈ! ಊರಿಡೀ ಯಾವುದನ್ನು ತಿನ್ನುತ್ತಿದೆಯೆಂದು ಗೊತ್ತಿದ್ದೂ, ಅದರಿಂದ ನನ್ನೊಬ್ಬಳನ್ನು ಕಾಪಾಡಿಕೊಂಡ ಕೈ. ಜೊತೆಗೆ, ಮನಸ್ಸಿನ ಕಡಿತ ತಡೆಯಲಾರದೆ, ಪಕ್ಕದಲ್ಲಿ ಕೂರುವವಳಿಗೂ ಒಂದು ಚಮಚ ಹೆಚ್ಚಿಗೆ ಹಾಕಿದ ಕೈ. ಎರಡು ಜಡೆ ಸತ್ತದ್ದು ಅಪ್ಪನಿಗೆ ಎಲ್ಲ ಗೊತ್ತಾದ ಮೇಲೆ. ಅವಳ ಅಪ್ಪನ ಬೆನ್ನು ಸವರಿದ್ದು ಅದೇ ಕೈ. ನನಗೆ ಚೀಲದ ಮಾಮನ ಮೇಲೆ ಹುಟ್ಟಿದ್ದ ಹೇಸಿಗೆ ಈಗ ಬಹಳ ಚಿಲ್ಲರೆಯದೆನಿಸಿತು. ಅವನು ಕಳ್ಳ. ಕಳ್ಳರು ಎಲ್ಲ ಕಡೆ ಇರುತ್ತಾರೆ. ಅಪ್ಪನ ಪ್ರೀತಿಯೇ ನಾರುತ್ತಿದೆಯಲ್ಲ, ಅದನ್ನು ಎಲ್ಲಿ ತೊಳೆಯಲಿ?

ಒಳಗಿಂದ ನನ್ನನ್ನು ಕೂಗಿದರು. 'ಈಗ ಸಾಹೇಬರ ಸುಪುತ್ರಿ ಎರಡು ಮಾತು.'

ಮೈಕಿನ ಮುಂದೆ ನಿಂತೆ. "ನಮ್ಮಪ್ಪ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಂಡವರಲ್ಲ," ಎಂದೆ. ರೂಢಿಯಂತೆ ಚಪ್ಪಾಳೆ ಬಿತ್ತು. ಕೆಲವರು ಒಬ್ಬರನ್ನೊಬ್ಬರು ನೋಡಿ ಮುಗುಳ್ನಕ್ಕರು. ಆ ಮುಗುಳ್ನಗೆಯನ್ನು ನೋಡಿಕೊಂಡು ಸುಮ್ಮನೆ ಇಳಿದುಬರುವುದು ನನ್ನಿಂದಾಗಲಿಲ್ಲ. ಉಳಿದದ್ದನ್ನೂ ಹೇಳಿದೆ. ಕವರುಗಳನ್ನು, ಕುದಿಸಿದ ಬಟ್ಟೆಗಳನ್ನು, ಅಪ್ಪ ಒಬ್ಬರೇ ಹಿಂಬಾಗಿಲಿನಿಂದ ಹೋಗಿ ನೋಡಿದ್ದನ್ನು, ನೋಡಿಯೂ ಬಾಯಿಗೆ ಬೀಗ ಹಾಕಿಕೊಂಡದ್ದನ್ನು. "ನಾನು ಪರೀಕ್ಷೆ ಬರೆಯಲಿ ಅಂತ ನಮ್ಮಪ್ಪ ನಿಮಗೆಲ್ಲ ಹೊಲಸು ತಿನ್ನಿಸಿದರು," ಎಂದೆ. "ನನ್ನ ಬೆಂಚಿನ ಹುಡುಗಿ ಅದನ್ನೇ ತಿಂದು ಸತ್ತಳು. ಅವರು ಒಳ್ಳೆಯ ಅಪ್ಪ. ಒಳ್ಳೆಯ ಇನ್ಸ್‌ಪೆಕ್ಟರಲ್ಲ. ಇವತ್ತಿನ ಊಟವೂ ಅದೇ ಹೋಟೆಲಿನದು, ಯಾರೂ ತಿನ್ನಬೇಡಿ."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈಗ ಯಾರಾದರೂ ನನ್ನ ಮೇಲೆ ಕೂಗಾಡುತ್ತಾರೆ, ಯಜಮಾನರಿಗೆ ಧಿಕ್ಕಾರ ಹಾಕುತ್ತಾರೆ, ಅಪ್ಪನ ಫೋಟೋವನ್ನು ಕುರ್ಚಿಯಿಂದ ಇಳಿಸುತ್ತಾರೆ ಎಂದು ಕಾದೆ.

ಹೋಟೆಲ್ ಯಜಮಾನರು ಎದ್ದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನ್ನ ಕೈಯಿಂದ ಮೈಕನ್ನು ಮೆಲ್ಲಗೆ ತೆಗೆದುಕೊಂಡರು.

"ಮಗು ದುಃಖದಲ್ಲಿದೆ, ಏನೇನೋ ಹೇಳ್ತು. ಇರ್ಲಿ, ನಮ್ಮ ಮಗಳು ತಾನೇ," ಎಂದರು. "ಆದ್ರೆ ಅದರಲ್ಲಿರೋ ಸತ್ಯ ನೋಡಿ. ಹೆತ್ತ ಮಗಳಿಗೋಸ್ಕರ ತನ್ನ ಮನಸ್ಸಾಕ್ಷೀನೇ ಸುಟ್ಕೊಂಡ್ರಲ್ಲ, ಅಂಥ ತಂದೆ ಎಲ್ಲಿ ಸಿಗ್ತಾರೆ? ನಮ್ಮಲ್ಲಿ ಮಕ್ಕಳಿಗೋಸ್ಕರ ಕಣ್ಣು ಮುಚ್ಕೊಳ್ಳದೇ ಇರೋರು ಯಾರಿದ್ದೀರಿ, ಕೈ ಎತ್ತಿ ನೋಡೋಣ?"

ಒಂದು ಕೈಯೂ ಮೇಲೇಳಲಿಲ್ಲ. ಯಾರೋ ಹಿಂದಿನ ಸಾಲಿನಲ್ಲಿ ಚಪ್ಪಾಳೆ ಶುರು ಮಾಡಿದರು. ಬೇಕರಿಯವನು ಎದ್ದು ನಿಂತ. ಮೀನಿನ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತ ತಟ್ಟಿದಳು. ದೊಡ್ಡ ಸಾಹೇಬರೂ ತಟ್ಟಿದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅಪ್ಪನಿಗೆ ಬದುಕಿದ್ದಾಗ ಅದರ ಹತ್ತರಲ್ಲೊಂದು ಪಾಲೂ ಬಿದ್ದಿರಲಿಲ್ಲ. ಅಮ್ಮ ಸೆರಗು ಸರಿಸಿ, ಒದ್ದೆ ಕಣ್ಣಿನಲ್ಲಿ ಫೋಟೋ ನೋಡುತ್ತಿದ್ದಳು. ಆ ಮುಖದಲ್ಲಿ ನಾಚಿಕೆ ಇರಲಿಲ್ಲ. ಆಮೇಲೆ ಜನ ಕುರ್ಚಿಗಳನ್ನು ಸರಿಸಿಕೊಂಡು ಊಟದ ಕಡೆ ಹೊರಟರು.

ನಾನು ವೇದಿಕೆಯಿಂದ ಇಳಿದು ಓಡಿದೆ. ಅಪ್ಪನ ಜಾಗಕ್ಕೆ ಬಂದಿರುವ ಹೊಸ ಇನ್ಸ್‌ಪೆಕ್ಟರು ಬಾಗಿಲ ಬಳಿ ಇದ್ದರು. ಚಿಕ್ಕ ವಯಸ್ಸಿನ, ಇಸ್ತ್ರಿ ಮಾಡಿದ ಬಟ್ಟೆಯ, ನೋಡಲು ಸಂಭಾವಿತ ಮನುಷ್ಯ. ಅವರ ತೋಳು ಹಿಡಿದು ನಿಲ್ಲಿಸಿದೆ.

"ಸಾರ್, ಅಡುಗೆ ಎಲ್ಲ ಇಲ್ಲೇ ಹಿಂದಿನ ವರಾಂಡದಲ್ಲಿದೆ. ಬಟ್ಟೆ ಮೇಜಿನ ಮೇಲೇ ಇದೆ. ಇವತ್ತು ಯಾರೂ ಅವರಿಗೆ ಮೊದಲೇ ಹೇಳಿಲ್ಲ. ಈಗಲೇ ಬನ್ನಿ, ಜನ ತಟ್ಟೆ ಹಿಡಿಯೋಕೆ ಮುಂಚೆ."

ಅವರು ಸಿಟ್ಟಾಗಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ, ತುಂಬ ಬೇಕಾದವರ ಹತ್ತಿರ ಮಾತಾಡುವ ಹಾಗೆ ಹೇಳಿದರು:

"ನಿಮಗೆ ಗೊತ್ತಾಗದೇ ಇದ್ರೆ ಇನ್ಯಾರಿಗೆ ಗೊತ್ತಾಗುತ್ತಮ್ಮ? ನನಗೂ ಮಗಳಿದಾಳೆ. ಈ ವರ್ಷ ತಾನೇ ಸ್ಕೂಲಿಗೆ ಸೇರ್ಸಿದೀನಿ."